ಕಾಲು ಊದಿದಾಗ ಕಿಬ್ಬೊಟ್ಟೆಯನ್ನೂ ನೋಡಿ

ಮಾನ್ಯರೇ,

ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ ಮಾತ್ರೆ ಬರೆದುಕೊಡುವಾಗ, ಕಿಬ್ಬೊಟ್ಟೆಯೊಳಗಿನ ದೊಡ್ಡ ಅಭಿಧಮನಿ (ಹೃದಯಕ್ಕೆ ರಕ್ತ ಮರಳಿಸುವ ನಾಳ) ಮುಚ್ಚಿಕೊಂಡಿದೆಯೇ ಎಂಬ ಪರೀಕ್ಷೆ ಎಷ್ಟೋ ಬಾರಿ ಬಿಟ್ಟುಹೋಗುತ್ತದೆ. ಹೆರಿಗೆಯ ನಂತರ ನನ್ನ ತಂಗಿಯ ಎಡಗಾಲು ತೊಡೆಯವರೆಗೂ ಊದಿಕೊಂಡಿತು. ಬೆರಳಿನಿಂದ ಒತ್ತಿದರೆ ಬಿದ್ದ ಗುಳಿ ಬೇಗ ತುಂಬುತ್ತಿರಲಿಲ್ಲ. ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ತೊಡೆಯ ಹೆಪ್ಪು ಕಂಡಿತು, ಔಷಧವೂ ಶುರುವಾಯಿತು. ಊತ ಮಾತ್ರ ಇಳಿಯಲಿಲ್ಲ. ತಿಂಗಳುಗಳ ಬಳಿಕ ಸಿ.ಟಿ. ವೆನೋಗ್ರಫಿ (ಅಭಿಧಮನಿಗಳ ಚಿತ್ರ ತೆಗೆಯುವ ಸ್ಕ್ಯಾನ್) ಮಾಡಿಸಿದಾಗಲೇ ಸೊಂಟದ ಭಾಗದ ಅಭಿಧಮನಿ ಕಟ್ಟಿಕೊಂಡಿರುವುದು ಗೊತ್ತಾದದ್ದು.

ಡಾಪ್ಲರ್ ತೊಡೆ, ಮಂಡಿಯ ನಾಳಗಳನ್ನು ಚೆನ್ನಾಗಿ ತೋರಿಸುತ್ತದೆ. ಕರುಳಿನ ಗಾಳಿ ಅಡ್ಡ ಬರುವುದರಿಂದ ಅದಕ್ಕಿಂತ ಮೇಲಿನದು ಹಲವೊಮ್ಮೆ ಕಾಣುವುದೇ ಇಲ್ಲ. ಎಡಗಾಲಿನಿಂದ ಬರುವ ಅಭಿಧಮನಿಯು ಬಲಗಾಲಿಗೆ ರಕ್ತ ಒಯ್ಯುವ ಅಪಧಮನಿ ಮತ್ತು ಬೆನ್ನುಮೂಳೆಯ ನಡುವೆ ಒತ್ತಿಹೋಗುವ ಸ್ಥಿತಿಯನ್ನು ಮೇ ಮತ್ತು ಥರ್ನರ್ ಎಂಬ ವೈದ್ಯರು 1957ರಲ್ಲೇ ವಿವರಿಸಿದ್ದರು. ಮಾತ್ರೆಯಿಂದ ಹೆಪ್ಪು ಬೆಳೆಯುವುದು ನಿಲ್ಲುತ್ತದೆ, ಅದು ಶ್ವಾಸಕೋಶಕ್ಕೆ ಹೋಗುವ ಅಪಾಯವೂ ತಗ್ಗುತ್ತದೆ. ಒತ್ತಿಹೋದ ನಾಳವನ್ನು ಮಾತ್ರೆ ತೆರೆಯಲಾರದು. ನಾಳವನ್ನು ತೆರೆದಿಡುವ ಜಾಲರಿ ಕೊಳವೆ, ಅಂದರೆ ಸ್ಟೆಂಟ್, ಎಲ್ಲರಿಗೂ ಬೇಕಿಲ್ಲ, ನಿಜ. ಆದರೆ ಅಡ್ಡಿ ಹಾಗೇ ಉಳಿದರೆ ಮುಂದೆ ಪಾದದ ಗಂಟಿನ ಬಳಿ ಚರ್ಮ ಕಪ್ಪಾಗಿ, ಮಾಯದ ಹುಣ್ಣಾಗಬಹುದು.

ಹೊಸ ಹೆಪ್ಪನ್ನು ಕ್ಯಾತಿಟರ್ (ನಾಳದೊಳಗೆ ತೂರಿಸುವ ತೆಳು ಕೊಳವೆ) ಮೂಲಕ ಕರಗಿಸುವುದು ಅಥವಾ ತೆಗೆಯುವುದು ಮೊದಲ 2 ವಾರಗಳಲ್ಲಿ ಹೆಚ್ಚು ಫಲಕಾರಿ. ಆದ್ದರಿಂದ ಇಡೀ ಕಾಲು ಊದಿದವರ ಡಾಪ್ಲರ್ ವರದಿಯಲ್ಲಿ, ಕಿಬ್ಬೊಟ್ಟೆಯ ಅಭಿಧಮನಿ ಕಂಡಿತೇ ಇಲ್ಲವೇ ಎಂಬ ಒಂದು ಸಾಲು ಕಡ್ಡಾಯವಾಗಲಿ. ಕಾಣದಿದ್ದರೆ ಸಿ.ಟಿ. ಅಥವಾ ಎಂ.ಆರ್. ವೆನೋಗ್ರಫಿಯ ಅಗತ್ಯವನ್ನು ವೈದ್ಯರು ಆಗಲೇ ನಿರ್ಧರಿಸಲಿ.

– ಓರ್ವ ಓದುಗ