ಅಲ್ಗಾಂಕ್ವಿನ್‌ಗೆ ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ಕಿವಿಯಲ್ಲೇ ಇದೆ. "ಜೂನ್‌ನಲ್ಲಿ ಫ್ರೆಂಡ್ಸ್ ಜೊತೆ ನಾಲ್ಕು ದಿನ ಕೆನೂ ಟ್ರಿಪ್ ಅಮ್ಮಾ. ಅದೊಂದು ಆದ್ರೆ ಅಲ್ಗಾಂಕ್ವಿನ್ ಮುಗೀತು. ಮುಂದಿನ ವರ್ಷ ರಾಕಿ ಪರ್ವತ" ಅಂದೆ. ನಾವಿಲ್ಲದೆ ಮೊದಲ ಸಲ, ಹುಟ್ಟು ಹಾಕುವ ಸಣ್ಣ ದೋಣಿಯಲ್ಲಿ, ಕೆನಡಾದ ಒಂಟಾರಿಯೊದ ಆ ದೊಡ್ಡ ಪಾರ್ಕಿನ ಕಾಡಿನ ಒಳಗೆ ಹೋಗುತ್ತಿದ್ದೀಯ, ನನಗೆ ತುಂಬಾ ಖುಷಿ. ಆದರೆ 'ಮುಗೀತು' ಅನ್ನುವ ಮಾತು ಮಾತ್ರ ಮನಸ್ಸಿಗೆ ಒಪ್ಪಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಜೂನ್ ವಿಷಯ. ಅದು ಕಪ್ಪು ನೊಣದ ಕಾಲ. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಕಿವಿಯ ಹಿಂದೆ, ಕೂದಲಿನ ಅಂಚಿನಲ್ಲಿ ಕಚ್ಚುತ್ತದೆ. ನಮ್ಮ ಕೊಪ್ಪದ ಕಡೆಯ ಉಂಬಳದ ಹಾಗೆ, ಕಚ್ಚಿದ್ದು ಗೊತ್ತಾಗುವುದೇ ರಕ್ತ ಇಳಿದ ಮೇಲೆ. ಕಪ್ಪು, ಕಡುನೀಲಿ ಬಟ್ಟೆ ಬೇಡ. ತಿಳಿಬಣ್ಣದ ತುಂಬುತೋಳಿನ ಅಂಗಿ ಹಾಕಿಕೋ. ಪ್ಯಾಂಟಿನ ತುದಿ ಸಾಕ್ಸ್ ಒಳಗೆ ಇರಲಿ. ಮುಖಕ್ಕೆ ಬಲೆ ಇರುವ ಟೋಪಿ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿದೆ, ತೆಗೆದಿಡುತ್ತೇನೆ.

ಬಿಸಾಡುವ ತಗಡಿನ ಡಬ್ಬಿ, ಗಾಜಿನ ಬಾಟಲಿ ಒಳಗಿನ ಕಾಡಿಗೆ ಒಯ್ಯುವ ಹಾಗಿಲ್ಲ. ಹಾಗಾಗಿ ಉಪ್ಪಿನಕಾಯಿ ಬಾಟಲಿ ಇಲ್ಲೇ ಬಿಡು. ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಡುತ್ತೇನೆ. ರಾತ್ರಿ ಊಟದ ಚೀಲ ಟೆಂಟಿನಿಂದ ದೂರ, ಮರಕ್ಕೆ ಎತ್ತರದಲ್ಲಿ ತೂಗುಹಾಕಲೇಬೇಕು. ಕರಡಿಗೆ ಒಂದು ಸಲ ಮನುಷ್ಯರ ಊಟದ ರುಚಿ ಹತ್ತಿದರೆ ಕೊನೆಗೆ ಪ್ರಾಣ ಹೋಗುವುದು ಕರಡಿಯದೇ. ಕೆನೂ ಲೇಕ್‌ನಿಂದ ಜೋ ಲೇಕ್‌ಗೆ 295 ಮೀಟರ್ ಪೋರ್ಟೇಜ್, ಅಂದರೆ ಎರಡು ಕೆರೆಗಳ ನಡುವಿನ ಕಾಲುದಾರಿ. ದೋಣಿ ತಲೆ ಮೇಲೆ ಹೊತ್ತು ನಡೆಯುವುದು ಅಲ್ಲೇ ಅಭ್ಯಾಸವಾಗಲಿ. ದೊಡ್ಡ ಕೆರೆ ದಾಟುವುದಿದ್ದರೆ ಬೆಳಿಗ್ಗೆ ಬೇಗ ದಾಟಿಬಿಡಿ. ಮಧ್ಯಾಹ್ನ ಗಾಳಿ ಎದ್ದರೆ ದಡದಲ್ಲೇ ಕಾಯಿರಿ. ಈ ಒಂದು ವಿಷಯದಲ್ಲಿ ಯಾರು ಎಷ್ಟು ಅವಸರ ಮಾಡಿದರೂ ಕೇಳಬೇಡ.

ಹೋಗುವಾಗ 60ನೇ ಹೆದ್ದಾರಿಯಲ್ಲಿ ನಿಧಾನವಾಗಿ ಹೋಗಿ. ಚಳಿಗಾಲದಲ್ಲಿ ರಸ್ತೆಗೆ ಹಾಕಿದ ಉಪ್ಪು ಕರಗಿ ಪಕ್ಕದ ಗುಂಡಿಗಳಲ್ಲಿ ನಿಂತಿರುತ್ತದೆ. ಆ ಉಪ್ಪುನೀರು ಕುಡಿಯಲು ಮೇ, ಜೂನ್‌ನಲ್ಲಿ ಮೂಸ್ ಎಂಬ ದೊಡ್ಡ ಕಾಡುಜಿಂಕೆ ರಸ್ತೆ ಬದಿಗೇ ಬರುತ್ತದೆ. ಜುಲೈ ಕಳೆದರೆ ಅಷ್ಟು ಸುಲಭಕ್ಕೆ ಕಾಣಿಸುವುದಿಲ್ಲ.

ನಾನು ಹೇಳುತ್ತಿರುವುದೂ ಇದನ್ನೇ. ಆ ಕಾಡು ತಿಂಗಳಿಗೊಂದು ಥರ. 1893ರಲ್ಲೇ ಕಾಯ್ದಿಟ್ಟ ಜಾಗ, 7,600 ಚದರ ಕಿಲೋಮೀಟರ್‌ಗೂ ಜಾಸ್ತಿ. ನಮ್ಮ ಇಡೀ ಚಿಕ್ಕಮಗಳೂರು ಜಿಲ್ಲೆಗಿಂತ ದೊಡ್ಡದು. ಕೆರೆಗಳೇ 2,400ಕ್ಕೂ ಹೆಚ್ಚು. ನಾಲ್ಕು ದಿನದಲ್ಲಿ ಎಷ್ಟು ನೋಡಲು ಸಾಧ್ಯ ಹೇಳು? ಅಪ್ಪನಿಗೆ ಸೆಪ್ಟೆಂಬರ್ ಕೊನೆಯ ಕೆಂಪು ಮೇಪಲ್ ಇಷ್ಟ. ಆಗ ಜನ ಜಾತ್ರೆ ಥರ ಸೇರುತ್ತಾರೆ, ನನಗೆ ಅಷ್ಟಕ್ಕಷ್ಟೇ. ನನಗೆ ಆಗಸ್ಟ್ ಇಷ್ಟ. ಗುರುವಾರ ರಾತ್ರಿ ತೋಳದ ಕೂಗು ಕೇಳಲು ಹೋಗಿದ್ದೆವು, ನೆನಪಿದೆಯಾ? ಪಾರ್ಕಿನವರು ಇದನ್ನು 1963ರಿಂದ ನಡೆಸಿಕೊಂಡು ಬಂದಿದ್ದಾರೆ. ನೂರಾರು ಕಾರು ಸಾಲಾಗಿ ನಿಂತು, ಎಲ್ಲ ದೀಪ ಆರಿತು. ಪಾರ್ಕಿನವರು ತೋಳದ ಹಾಗೆ ಕೂಗಿದರು. ಅಷ್ಟು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಆಮೇಲೆ ಕತ್ತಲೆಯೊಳಗಿಂದ ಉತ್ತರ ಬಂತು. ನೀನು ನನ್ನ ಕೈ ಎಷ್ಟು ಗಟ್ಟಿಯಾಗಿ ಹಿಡಿದಿದ್ದೆ ಅಂದರೆ ಉಂಗುರ ಒತ್ತಿ ಗುರುತು ಬಿದ್ದಿತ್ತು.

ಆದರೆ ನನ್ನನ್ನು ಆ ಕಾಡಿಗೆ ಕಟ್ಟಿಹಾಕಿದ್ದು ಚಳಿಗಾಲ. ಕೊಪ್ಪದಲ್ಲಿ ಹುಟ್ಟಿದ ನನಗೆ ಚಳಿ ಅಂದರೆ ಡಿಸೆಂಬರ್‌ನ ಮಂಜು, ಬಚ್ಚಲೊಲೆಯ ಮುಂದೆ ಕೂತು ಕೈ ಕಾಯಿಸುವುದು. ಫೆಬ್ರವರಿಯಲ್ಲಿ ಅದೇ ಪಾರ್ಕಿನ ಮ್ಯೂ ಲೇಕ್‌ನಲ್ಲಿ ಯರ್ಟ್ ಹಿಡಿದಿದ್ದೇವೆ ಅಂತ ಅಪ್ಪ ಹೇಳಿದಾಗ ಎರಡು ದಿನ ಸರಿಯಾಗಿ ಮಾತಾಡಲಿಲ್ಲ ನಾನು. ಎಂಟು ವರ್ಷದ ಮಗು, ಹೊರಗೆ ಮೈನಸ್ 25! ಯರ್ಟ್ ಅಂದರೆ ದಪ್ಪ ಬಟ್ಟೆಯ ದುಂಡು ಗುಡಿಸಲು, ಒಳಗೆ ಹೀಟರ್ ಇತ್ತು. ಹೆದರಿದಷ್ಟೇನೂ ಆಗಲಿಲ್ಲ.

ಮರುದಿನ ಸ್ಪ್ರೂಸ್ ಬಾಗ್ ಎಂಬ ಜೌಗು ಕಾಡಿನ ದಾರಿಯಲ್ಲಿ ನಡೆದೆವು. ಗಾಳಿ ಇಲ್ಲ, ನೀರಿನ ಸದ್ದಿಲ್ಲ. ನೀನು ಸುಮ್ನೆ ಕೈ ಚಾಚಿದೆ. ಬೂದು ಬಣ್ಣದ ಹಕ್ಕಿಯೊಂದು ಬಂದು ನಿನ್ನ ಗ್ಲೌಸ್ ಮೇಲೆ ಕೂತಿತು. ಕೈಯಲ್ಲಿ ಏನೂ ಇರಲಿಲ್ಲ. ತಲೆ ಓರೆ ಮಾಡಿ ನಿನ್ನ ಮುಖ ನೋಡಿತು. ಕಾಲಿನಲ್ಲಿ ಬಣ್ಣದ ಪಟ್ಟಿಗಳು. "ಅಮ್ಮಾ, ಬಳೆ ಹಾಕ್ಕೊಂಡಿದೆ!" ಅಂತ ಪಿಸುಗುಟ್ಟಿದೆ.

ಆ ಬಳೆಯ ಕತೆ ನನಗೆ ಆಮೇಲೆ ತಿಳಿಯಿತು. ಅದು ಕೆನಡಾ ಜೇ. ಡ್ಯಾನ್ ಸ್ಟ್ರಿಕ್ಲೆಂಡ್ ಎಂಬ ಪ್ರಕೃತಿ ತಜ್ಞರು ದಶಕಗಳ ಕಾಲ ಅಲ್ಲಿನ ಒಂದೊಂದು ಹಕ್ಕಿಗೂ ಬೇರೆ ಬೇರೆ ಬಣ್ಣದ ಪಟ್ಟಿ ಹಾಕಿ ಅವುಗಳ ಸಂಸಾರವನ್ನೇ ಬರೆದಿಟ್ಟರು. ಈ ಹಕ್ಕಿ ಚಳಿಗೆ ದಕ್ಷಿಣಕ್ಕೆ ಹೋಗುವುದಿಲ್ಲ. ಬೇಸಿಗೆಯಿಂದಲೇ ಹಣ್ಣು, ಹುಳು, ಅಣಬೆಯನ್ನು ಅಂಟು ಎಂಜಲಿನಲ್ಲಿ ಉಂಡೆ ಮಾಡಿ ತೊಗಟೆಯ ಸಂದಿಯಲ್ಲಿ ಅಂಟಿಸಿಡುತ್ತದೆ. ನಮ್ಮಜ್ಜಿ ಮಳೆಗಾಲಕ್ಕೆ ಹಪ್ಪಳ, ಸಂಡಿಗೆ ಮಾಡಿಡುತ್ತಿದ್ದರಲ್ಲ, ಹಾಗೆ. ಆ ದಾಸ್ತಾನಿನ ಧೈರ್ಯದ ಮೇಲೆ ಇನ್ನೂ ಹಿಮ ಇರುವಾಗಲೇ ಮೊಟ್ಟೆ ಇಟ್ಟು ಕಾವು ಕೊಡುತ್ತದೆ.

ಚಳಿಯೇ ಅದರ ಫ್ರಿಜ್. ಈಗ ಶರತ್ಕಾಲ ಬೆಚ್ಚಗಾಗಿ, ಕೂಡಿಟ್ಟ ಆಹಾರ ಕೆಡುತ್ತಿದೆ, ಅದಕ್ಕೇ ಮರಿಗಳು ಕಡಿಮೆಯಾಗುತ್ತಿವೆ ಅಂತ 2006ರಲ್ಲಿ ಅವರೂ ಜೊತೆಗಾರರೂ ಬರೆದರು. ಅವರು ನೋಡುತ್ತಿದ್ದ ಜಾಗದಲ್ಲಿ ಹಕ್ಕಿಗಳು ಮೊದಲಿನ ಅರ್ಧದಷ್ಟೂ ಉಳಿದಿರಲಿಲ್ಲ. ಅದನ್ನು ಓದಿದ ದಿನ ನಿನ್ನ ಆ ಪುಟ್ಟ ಗ್ಲೌಸ್ ಹುಡುಕಿ ತೆಗೆದೆ. ಎಡಗೈಯದು ಮಾತ್ರ ಇದೆ.

ರಾಕಿಗೆ ಹೋಗು, ಬೇಡ ಅನ್ನುವುದಿಲ್ಲ. ಆದರೆ ಫೆಬ್ರವರಿಯಲ್ಲಿ ನನ್ನ ಜೊತೆ ಮ್ಯೂ ಲೇಕ್‌ಗೆ ಬಾ. ಐದು ತಿಂಗಳು ಮೊದಲು ಬುಕಿಂಗ್ ತೆರೆಯುತ್ತದೆ, ಬೆಳಿಗ್ಗೆ ಏಳಕ್ಕೆ. ಸೆಪ್ಟೆಂಬರ್‌ನಲ್ಲಿ ಲ್ಯಾಪ್‌ಟಾಪ್ ಮುಂದೆ ನಾನೇ ಕೂತಿರುತ್ತೇನೆ. ನಿನ್ನ ಕಾಲೇಜಿನ ರಜೆ ಯಾವ ವಾರ ಅಂತ ಅಷ್ಟರೊಳಗೆ ತಿಳಿಸು. ಚಟ್ನಿಪುಡಿಗೆ ಖಾರ ಎಷ್ಟಿರಲಿ ಅಂತಲೂ ಹೇಳು, ನಿನ್ನ ಫ್ರೆಂಡ್ಸ್ ತಿನ್ನಬೇಕಲ್ವಾ.

ನಿನ್ನ
ಅಮ್ಮ