ಕೊನೆ ಕಾಣದ ಕಥೆಗೆ ಸಾವಿರದ ಸಂಭ್ರಮವೇಕೆ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಕನ್ನಡದ ಧಾರಾವಾಹಿಯೊಂದು ಸಾವಿರ ಸಂಚಿಕೆ ಪೂರೈಸಿದ ಸುದ್ದಿಯನ್ನು, ಕೇಕ್ ಕತ್ತರಿಸುವ ಚಿತ್ರದ ಸಮೇತ, ಅರ್ಧ ಪುಟದಷ್ಟು ಪ್ರಕಟಿಸಿದ್ದೀರಿ. ಆ ಧಾರಾವಾಹಿಯನ್ನು ಮೊದಲ ಸಂಚಿಕೆಯಿಂದ ಎಂಟುನೂರರ ಆಸುಪಾಸಿನವರೆಗೆ ಒಂದು ದಿನವೂ ತಪ್ಪಿಸದೆ ನೋಡಿ, ಕಳೆದ ಕೊಯ್ಲಿನಲ್ಲಿ ಒಂದು ರಾತ್ರಿ ಟೀವಿ ಆರಿಸಿ ಎದ್ದು ಹೋದ ಮನೆ ನಮ್ಮದು. ಹಾಗೆ ಎದ್ದು ಹೋದವರ ಮಾತಿಗೂ ನಿಮ್ಮ ಪತ್ರಿಕೆಯಲ್ಲಿ ಒಂದಿಷ್ಟು ಜಾಗ ಸಿಗಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ. ಧಾರಾವಾಹಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಈ ರೋಗ ಅದೊಂದಕ್ಕೇ ತಗಲಿದ್ದಲ್ಲ.

ನಮ್ಮದು ಶಿರಸಿ ತಾಲ್ಲೂಕಿನ ಒಳಭಾಗದ ಅಡಿಕೆ ತೋಟದ ಮನೆ. ನವೆಂಬರಿನಲ್ಲಿ ಅಡಿಕೆಯ ಕೊನೆ ಕೊಯ್ಲು ಶುರುವಾಯಿತೆಂದರೆ, ಹಗಲು ಮರ ಹತ್ತಿ ಕೊನೆಗೌಡ ಇಳಿಸಿದ ಗೊಂಚಲುಗಳೆಲ್ಲ ಅಂಗಳಕ್ಕೆ ಬಂದು ಬೀಳುತ್ತವೆ, ಸಂಜೆ ಆರಕ್ಕೆ ಆರೇಳು ಹೆಂಗಸರು ಮೆಟ್ಟುಗತ್ತಿ ಹಾಕಿಕೊಂಡು ಕುಳಿತರೆ ರಾತ್ರಿ ಹತ್ತರವರೆಗೆ ಸುಲಿಯುತ್ತಾರೆ. ಕೆಂಪಡಿಕೆ ಮಾಡುವ ಹಸಿ ಕಾಯಿಯನ್ನು ಇಟ್ಟುಕೊಂಡು ಕೂರುವಂತಿಲ್ಲ. ಸುಲಿದು ಬೇಯಿಸಿಯೇ ತೀರಬೇಕು. ಕೈ ತನ್ನ ಪಾಡಿಗೆ ಕೆಲಸ ಮಾಡುವ ಆ ನಾಲ್ಕು ತಾಸು ಕಣ್ಣು ಕಿವಿಗೆ ಏನಾದರೂ ಬೇಕು. ಮೊದಲು ಧಾರವಾಡ ಆಕಾಶವಾಣಿ ಇತ್ತು, ಆಮೇಲೆ ಟೀವಿಯನ್ನೇ ಜಗುಲಿಗೆ ತಂದು ಅಂಗಳದ ಕಡೆ ಮುಖ ಮಾಡಿ ಇಡುವ ರೂಢಿಯಾಯಿತು. ನಾನು ಹೇಳುತ್ತಿರುವ ಧಾರಾವಾಹಿ ನಮಗೆ ಸಿಕ್ಕಿದ್ದು ಅಂಥದೊಂದು ಕೊಯ್ಲಿನಲ್ಲಿ.

ಕಥೆ ಸರಳವಾಗಿತ್ತು. ಘಟ್ಟದ ಮೇಲಿನ ಹಳ್ಳಿಯ ಹುಡುಗಿಯೊಬ್ಬಳು ಪೇಟೆಯ ದಲಾಲಿ ಅಂಗಡಿಗೆ ಲೆಕ್ಕ ಬರೆಯುವ ಕೆಲಸಕ್ಕೆ ಸೇರುತ್ತಾಳೆ. ಅವಳ ಅಪ್ಪನ ತೋಟ ಅದೇ ಅಂಗಡಿಯ ಸಾಲಕ್ಕೆ ಅಡವು ಬಿದ್ದಿರುತ್ತದೆ. ಹಳೆಯ ಖಾತೆ ಪುಸ್ತಕ ತಿರುವಿ ಹಾಕುವಾಗ, ಅಪ್ಪ ಕೊಟ್ಟ ಅಡಿಕೆಗೆ ಜಮಾ ಬಿದ್ದೇ ಇಲ್ಲವೆಂದು ಅವಳಿಗೆ ತಿಳಿಯುತ್ತದೆ, ಆ ಖಾತೆ ಚುಕ್ತಾ ಮಾಡಿಸದೆ ಊರಿಗೆ ಬರುವುದಿಲ್ಲವೆಂದು ಅವಳು ನಿಶ್ಚಯ ಮಾಡುತ್ತಾಳೆ. ಕಳ್ಳ ಯಾರೆಂದು ನೋಡುವವರಿಗೆ ಮೂರನೇ ವಾರದಲ್ಲೇ ಗೊತ್ತಾಗಿತ್ತು. ಅದನ್ನು ಆ ಹುಡುಗಿ ರುಜುವಾತು ಮಾಡುವುದು ಹೇಗೆ ಎಂಬುದಷ್ಟೇ ನಮ್ಮ ಕುತೂಹಲ. ಅಡಿಕೆಯನ್ನು ಕತ್ತರಿಯಲ್ಲಿ ಸೀಳಿ ಒಳಗಿನ ಬಣ್ಣ ನೋಡಿ ದರ ಹೇಳುವ ರೀತಿ, ಒಣಗಿಲ್ಲವೆಂದು ಚೀಲಕ್ಕೆ ಇಷ್ಟೆಂದು ತೂಕ ಕಳೆಯುವಾಗ ಬೆಳೆಗಾರನ ಮುಖದ ಮೇಲಿನ ನಾಚಿಕೆ, ಅಡಿಕೆ ದಾಸ್ತಾನಿನ ವಖಾರಿಯ ಬಾಗಿಲಲ್ಲಿ ದುಡ್ಡಿಗಾಗಿ ಕಾಯುವಾಗ ಆಡುವ ಮಳೆ ಬೆಳೆಯ ಸುಳ್ಳು ಮಾತು, ಇವನ್ನೆಲ್ಲ ಬರೆದವರು ಯಾರೋ ಏನೋ, ಅಂಥ ಬಾಗಿಲಲ್ಲಿ ಒಂದು ದಿನವಾದರೂ ಕಾದು ನಿಂತವರೇ ಇರಬೇಕು. ಖಾತೆ ಪುಸ್ತಕವನ್ನು ಹತ್ತಿರದಿಂದ ತೋರಿಸಿದಾಗ ಅದರಲ್ಲಿ ನಿಜವಾದ ಅಂಕಿಗಳಿದ್ದವು. ನನ್ನ ಯಜಮಾನರು ಒಮ್ಮೆ ಬಾಯಲ್ಲೇ ಕೂಡಿ ನೋಡಿ, ಮೊತ್ತ ಸರಿ ಇದೆ ಎಂದಿದ್ದರು! ಟೀವಿಯವರ ಬಗ್ಗೆ ಅವರ ಬಾಯಿಂದ ಒಳ್ಳೆಯ ಮಾತು ಬಂದದ್ದು ಅದೊಂದೇ ಸಲ.

ಹಾಗೆ ಎರಡು ಕೊಯ್ಲು ಕಳೆದವು. ನನ್ನ ಅಂದಾಜಿನಲ್ಲಿ ಕಥೆ ನಾಲ್ಕುನೂರು ಸಂಚಿಕೆಯ ಹೊತ್ತಿಗೆ ಬಲಿತಿತ್ತು. ಸಾಕ್ಷಿ ಸಿಕ್ಕಿತ್ತು, ಪಂಚಾಯಿತಿ ಕೂರುವುದಷ್ಟೇ ಬಾಕಿಯಿತ್ತು. ಅಷ್ಟರಲ್ಲಿ ಹುಡುಗಿ ಪ್ರಯಾಣಿಸುತ್ತಿದ್ದ ಕಾರು ಕಂದಕಕ್ಕೆ ಬಿದ್ದಿತು. ನೆನಪು ಹೋಯಿತು. ಶಿರಸಿ ಜಾತ್ರೆಗೆ ಮುಂಚೆ ನೆನಪು ಕಳೆದುಕೊಂಡವಳಿಗೆ ಜಾತ್ರೆ ಮುಗಿದು, ಮಳೆಗಾಲ ಹಿಡಿದು, ಚೌತಿ ಬಂದು ಹೋದರೂ ನೆನಪು ಮರಳಲಿಲ್ಲ. ಆ ನಡುವೆ ಅವಳದೇ ರೂಪದ ಇನ್ನೊಬ್ಬಳು ಬಂದಳು, ಪಾಯಸದಲ್ಲಿ ವಿಷ ಬಿತ್ತು, ಬೇರೊಂದು ಧಾರಾವಾಹಿಯ ಮನೆಯವರು ಮಹಾಸಂಗಮವೆಂಬ ಹೆಸರಿನಲ್ಲಿ ಒಂದು ವಾರ ಬಂದು ಉಂಡು ಹೋದರು. ದಲಾಲಿ ಅಂಗಡಿ ಕಣ್ಮರೆಯಾಗಿ ಅದರ ಜಾಗದಲ್ಲಿ ಗಾಜಿನ ಮೆಟ್ಟಿಲಿನ ಬಂಗಲೆ ಬಂತು. ಮೊದಮೊದಲು ನಮ್ಮ ಕಡೆಯ ಮಾತಾಡುತ್ತಿದ್ದ ಅಪ್ಪನ ಪಾತ್ರಧಾರಿಯೂ ಬೆಂಗಳೂರಿನ ಕನ್ನಡಕ್ಕೆ ಹೊರಳಿದರು.

ಹಿರಿಯ ಓದುಗರಿಗೆ ಒಂದು ಲೆಕ್ಕ ನೆನಪಿಸುತ್ತೇನೆ. 1987ರ ಜನವರಿಯಿಂದ 1988ರ ಜುಲೈವರೆಗೆ ದೂರದರ್ಶನದಲ್ಲಿ ಬಂದ ರಾಮಾಯಣ 78 ಸಂಚಿಕೆಗಳಲ್ಲಿ ಮುಗಿದಿತ್ತು. ಅದೂ 52 ಸಂಚಿಕೆಗಳೆಂದು ಹೊರಟು, ಜನ ಬಿಡದ ಕಾರಣ ಮತ್ತೆ ಮತ್ತೆ ಬೆಳೆಸಿದ ಮೇಲೆ. ಆಮೇಲೆ ಬಂದ ಮಹಾಭಾರತ 94 ಸಂಚಿಕೆಗಳದು. ಅಂದಿನ ಸಂಚಿಕೆ ಈಗಿನದಕ್ಕಿಂತ ಉದ್ದವಿತ್ತು ಎಂಬುದನ್ನು ಒಪ್ಪುತ್ತೇನೆ. ಆದರೂ ಅಯೋಧ್ಯೆಯಿಂದ ಲಂಕೆಗೆ ಹೋಗಿ ಬರಲು ಸಾಕಾದ ಸಂಚಿಕೆಗಳ ಹತ್ತಿರ ಹತ್ತಿರ ಎರಡು ಪಟ್ಟು ನಮ್ಮ ಹುಡುಗಿಯ ಮರೆವಿಗೇ ಬೇಕಾಯಿತು. ನಮ್ಮ ಹೊನ್ನಾವರ ಸೀಮೆಯವರೇ ಆದ ಶಂಕರನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ಮಾಲ್ಗುಡಿ ಡೇಸ್‌ನಲ್ಲಂತೂ, ಸ್ವಾಮಿಯ ಕಥೆಯಂಥ ಕೆಲವನ್ನು ಬಿಟ್ಟರೆ, ಬಹುಪಾಲು ಕಥೆಗಳು ಒಂದೇ ಸಂಚಿಕೆಯಲ್ಲಿ ಮುಗಿಯುತ್ತಿದ್ದವು.

ಜಾಹೀರಾತಿನ ಮೇಲೆ ನನ್ನ ದೂರಿಲ್ಲ. ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಕೂಡದೆಂದು 1994ರ ಕೇಬಲ್ ಟೆಲಿವಿಷನ್ ಜಾಲ ನಿಯಮಗಳು ಹೇಳುತ್ತವೆ. ಒಂದು ಸಂಜೆ ಗಡಿಯಾರ ಎದುರಿಟ್ಟುಕೊಂಡು ನೋಡಿದಾಗ ಅರ್ಧ ಗಂಟೆಗೆ ಆರು ನಿಮಿಷದ ಜಾಹೀರಾತು, ನಿಯಮ ಒಪ್ಪುವಷ್ಟೇ, ಇತ್ತು. ಉಳಿದ ಇಪ್ಪತ್ನಾಲ್ಕರಲ್ಲಿ ಹಿಂದಿನ ಸಂಚಿಕೆಯ ಸಾರ, ಶೀರ್ಷಿಕೆ ಗೀತೆ, ನಾಳೆಯ ತುಣುಕು ಕಳೆದರೆ ಕಥೆಗೆ ದಕ್ಕಿದ್ದು ಹತ್ತೊಂಬತ್ತು ನಿಮಿಷ. ಆ ಹತ್ತೊಂಬತ್ತರಲ್ಲಿ ಮನುಷ್ಯರು ಒಬ್ಬರಿಗೊಬ್ಬರು ಮಾತಾಡಿದ್ದು ಎಂಟೇ ನಿಮಿಷ. ಮಿಕ್ಕ ಹೊತ್ತೆಲ್ಲ ಕೆನ್ನೆಗೆ ಬಿದ್ದ ಒಂದು ಏಟನ್ನು ಮೂರು ಕಡೆಯಿಂದ ತೋರಿಸಿ, ಕೋಣೆಯಲ್ಲಿದ್ದ ಒಂಬತ್ತೂ ಜನರ ಮುಖವನ್ನು ಒಂದೊಂದಾಗಿ ಗುಡುಗಿನ ಸದ್ದಿನೊಡನೆ ತೋರಿಸುವುದರಲ್ಲೇ ಕಳೆಯಿತು.

ಇಷ್ಟಾದರೂ ನಾವು ಬಿಡಲಿಲ್ಲ ಎಂಬುದೂ ಬರೆಯಬೇಕಾದ ಸಂಗತಿಯೇ. ರುಚಿ ಕೆಟ್ಟ ಮೇಲೂ ಒಂದೂವರೆ ವರ್ಷ ನೋಡಿದೆವು. ಎಂಬತ್ತು ದಾಟಿದ ನಮ್ಮ ಅತ್ತೆಯವರು, ಆ ಹುಡುಗಿಯ ಅಪ್ಪನ ತೋಟ ಬಿಡಿಸಿಕೊಳ್ಳುವುದನ್ನು ಕಂಡೇ ಕಣ್ಣು ಮುಚ್ಚುತ್ತೇನೆಂದು ತಮಾಷೆ ಮಾಡುತ್ತಿದ್ದರು. ವಾರಕ್ಕೊಮ್ಮೆ ಹೇಳುವ ತಮಾಷೆಯಲ್ಲಿ ಸ್ವಲ್ಪ ನಿಜವೂ ಇರುತ್ತದೆ. ಇವತ್ತಲ್ಲ ನಾಳೆ ಖಾತೆ ಪುಸ್ತಕ ಮತ್ತೆ ಹೊರಬರುತ್ತದೆಂಬ ಆಸೆ ನನಗೂ ಇತ್ತು.

ಕಳೆದ ಡಿಸೆಂಬರಿನಲ್ಲಿ ಅದು ಹೊರಬಂತು. ನೆನಪು ಮರಳಿದ ನಾಯಕಿ ವಖಾರಿಗೆ ಹೋಗುವ ಸಂಚಿಕೆಯೆಂದು ವಾರವಿಡೀ ಸಾರಿದ್ದರಿಂದ ಅಂದು ಅತ್ತೆಯವರನ್ನೂ ಜಗುಲಿಗೆ ಕರೆತಂದು ಕಂಬಳಿ ಹೊದೆಸಿ ಕೂರಿಸಿದ್ದೆವು. ಅಡಿಕೆ ತುಂಬಿದ್ದೆಂದು ತೋರಿಸಿದ ಚೀಲವನ್ನು ಒಬ್ಬ ಹುಡುಗ ಒಂದೇ ಕೈಯಲ್ಲಿ ಎತ್ತಿ ಬದಿಗಿಟ್ಟ. ಅರವತ್ತು ಎಪ್ಪತ್ತು ಕಿಲೋ ತೂಗುವ ಚೀಲವನ್ನು ವರ್ಷವರ್ಷವೂ ಇಬ್ಬರು ಸೇರಿ ಎತ್ತಿ ಹೊರಿಸುವ ಹೆಂಗಸರು ಮೆಟ್ಟುಗತ್ತಿಯ ಮೇಲೇ ನಕ್ಕರು. ನಾಯಕಿ ಖಾತೆ ಪುಸ್ತಕ ಬಿಚ್ಚಿದಳು. ಪುಟ ಖಾಲಿಯಿತ್ತು, ಪುಸ್ತಕವನ್ನು ಹಿಡಿದದ್ದೂ ತಲೆಕೆಳಗಾಗಿ. ಅದನ್ನು ಮೊದಲು ಕಂಡದ್ದು ನಾನಲ್ಲ. ಶಾಲೆಯ ಮೆಟ್ಟಿಲು ಹತ್ತದಿದ್ದರೂ ತನ್ನ ಕೂಲಿಯ ಚೀಟಿಯನ್ನು ಯಾವತ್ತೂ ತಪ್ಪಾಗಿ ಹಿಡಿಯದ, ನಮ್ಮಲ್ಲಿಗೆ ಇಪ್ಪತ್ತು ವರ್ಷಗಳಿಂದ ಸುಲಿಯಲು ಬರುವ ಒಬ್ಬ ಹೆಂಗಸು. ‘ಅಮ್ಮಾ, ಅದ್ನ ಆರ್ಸಿ ಬಿಡ್ರಾ, ರೇಡಿಯೋನಾದ್ರೂ ಹಾಕ್ರಿ’ ಎಂದಳು. ಯಾರೂ ಬೇಡವೆನ್ನಲಿಲ್ಲ. ಆರಿಸಿದೆ.

ಇದಕ್ಕೆ ಬರಹಗಾರರನ್ನೋ ನಟರನ್ನೋ ದೂರುವುದು ಸುಲಭ. ಆದರೆ ವಾರಕ್ಕೆ ಐದು ಸಂಚಿಕೆ ಬರೆದು, ಚಿತ್ರೀಕರಿಸಿ, ಕತ್ತರಿಸಿ ಕೊಡುವವರ ಕೈಯಲ್ಲಿ ಕಥೆಯ ಲಗಾಮು ಇರುವುದಿಲ್ಲ. ಅದು ಗುರುವಾರ ಹೊರಬೀಳುವ ಟಿಆರ್‌ಪಿಯ ಕೈಯಲ್ಲಿರುತ್ತದೆ. 2015ರಿಂದ ಈ ಅಂಕಿಗಳನ್ನು ಕೊಡುತ್ತಿರುವ ಬಾರ್ಕ್ ಸಂಸ್ಥೆ, ಇಡೀ ದೇಶದಲ್ಲಿ ಆಯ್ದ ಹತ್ತಾರು ಸಾವಿರ ಮನೆಗಳಲ್ಲಿ ಮಾಪಕ ಇರಿಸಿದೆ. ವಾಹಿನಿಯ ಧ್ವನಿಯಲ್ಲಿ ನಮ್ಮ ಕಿವಿಗೆ ಕೇಳದಂತೆ ಹುದುಗಿಸಿದ ಗುರುತನ್ನು ಆ ಮಾಪಕ ಹಿಡಿದು, ಯಾವ ಮನೆ ಯಾವ ಹೊತ್ತಿಗೆ ಏನು ನೋಡಿತೆಂದು ದಾಖಲಿಸುತ್ತದೆ. ಯಾರ ಮನೆಯಲ್ಲಿದೆ ಎಂಬುದು ಗುಟ್ಟು. ಟೀವಿ ಹಾಕಿತ್ತೇ, ಎದುರಿಗೆ ಯಾರಿದ್ದರು ಎಂದು ಅದಕ್ಕೆ ತಿಳಿಯುತ್ತದೆ. ಎದುರಿಗಿದ್ದವರು ನಿಟ್ಟುಸಿರು ಬಿಟ್ಟದ್ದು, ನಕ್ಕದ್ದು ತಿಳಿಯುವುದಿಲ್ಲ. ನಮ್ಮಂತೆ ಅಭ್ಯಾಸಬಲದಿಂದ ಒಂದೂವರೆ ವರ್ಷ ಕುಳಿತ ಮನೆಗಳೆಲ್ಲ ಆ ಲೆಕ್ಕದಲ್ಲಿ ಮೆಚ್ಚಿದವರೇ. ಏರಿದ ಅಂಕಿಯನ್ನು ನಂಬಿ ಕಾರನ್ನು ಕಂದಕಕ್ಕೆ ತಳ್ಳುತ್ತಾರೆ, ಇಳಿದರೆ ಅವಳಿ ಸೋದರಿಯನ್ನು ಕರೆತರುತ್ತಾರೆ.

ನಮ್ಮ ಕಡೆ ಕೊನೆ ಎಂದರೆ ಅಡಿಕೆಯ ಗೊಂಚಲೂ ಹೌದು, ಮುಕ್ತಾಯವೂ ಹೌದು. ಕೆಂಪಡಿಕೆಗೆ ಕಾಯಿ ಹದವಾಗಿ ಬಲಿತಿರುವಾಗಲೇ ಕೊನೆ ಇಳಿಸಬೇಕು. ಇನ್ನೂ ದಪ್ಪವಾಗಲಿ, ಇನ್ನೂ ತೂಕ ಬರಲಿ ಎಂದು ಮರದಲ್ಲೇ ಬಿಟ್ಟರೆ ಹಣ್ಣಾಗಿ ಗೋಟಾಗುತ್ತದೆ, ಆಮೇಲೆ ಅದರಿಂದ ಕೆಂಪಡಿಕೆ ಮಾಡಲು ಬರುವುದಿಲ್ಲ. ಈ ಧಾರಾವಾಹಿಯ ಕೊನೆ ಇಳಿಸುವ ಹೊತ್ತು ನಾಲ್ಕುನೂರನೇ ಸಂಚಿಕೆಯಲ್ಲಿ ಬಂದಿತ್ತು.

ಧಾರಾವಾಹಿ ಮುಗಿದರೆ ನೂರಾರು ಕಲಾವಿದರ, ತಂತ್ರಜ್ಞರ ಹೊಟ್ಟೆಪಾಡು ಏನಾಗಬೇಕೆಂದು ನಿಮ್ಮ ಪುರವಣಿಯ ಲೇಖನ ಕೇಳಿದೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಉತ್ತರವಿದೆ. ಹೊನ್ನಾವರದ ಕೆರೆಮನೆಯವರ ಇಡಗುಂಜಿ ಯಕ್ಷಗಾನ ಮೇಳ 1934ರಲ್ಲಿ ಹುಟ್ಟಿದ್ದು, ಇಂದಿಗೂ ನಡೆಯುತ್ತಿದೆ. ಮೇಳಕ್ಕೆ ತೊಂಬತ್ತು ದಾಟಿದರೂ ಅದು ಆಡುವ ಪ್ರಸಂಗ ಮಾತ್ರ ಒಂದು ರಾತ್ರಿಯದು. ಇಂದು ಸತ್ತ ಕೀಚಕ ನಾಳೆ ಬೇರೆ ಊರಿನಲ್ಲಿ ಬೇರೆ ವೇಷ ಕಟ್ಟುತ್ತಾನೆ, ಅವನ ಸಂಬಳಕ್ಕೆ ಧಕ್ಕೆಯಿಲ್ಲ. ವೇಷಧಾರಿ ಎಷ್ಟೇ ಮಾತು ಬೆಳೆಸಿದರೂ ಬೆಳಕು ಹರಿಯುತ್ತಿದೆ ಎಂದಾಗ ಭಾಗವತರು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ, ಬೇಕಾದರೆ ನಡುವಿನ ನಾಲ್ಕು ಪದ್ಯ ಹಾರಿಸಿ ಮಂಗಳಕ್ಕೆ ತರುತ್ತಾರೆ. ಇಡೀ ರಾತ್ರಿಯ ಆ ಆಟವೂ ಈಗ ನೋಡುವವರ ಅನುಕೂಲಕ್ಕಾಗಿ ಕಾಲಮಿತಿಗೆ ಒಗ್ಗಿಕೊಂಡಿದೆ. ಟೀವಿಯ ಕಥೆಗೆ ಅಂಥ ಭಾಗವತರೊಬ್ಬರು ಇಲ್ಲದೇ ಹೋದರು.

ವಾಹಿನಿಗಳವರು ಈ ಪತ್ರ ಓದುವ ಭರವಸೆ ನನಗಿಲ್ಲ. ಓದಿದರೆ ಒಂದೇ ಮಾತು: ಧಾರಾವಾಹಿ ಶುರು ಮಾಡುವಾಗಲೇ ಇಷ್ಟು ಸಂಚಿಕೆಯ ಕಥೆ ಎಂದು ಹೇಳಿಬಿಡಿ. ಜನ ಬಿಡದಿದ್ದರೆ ಹದಿಮೂರೋ ಇಪ್ಪತ್ತಾರೋ ಬೆಳೆಸಿ, ಅದಕ್ಕೆ ತಕರಾರಿಲ್ಲ. ಮುಗಿದ ಮೇಲೆ ಅದೇ ಬರಹಗಾರರಿಗೆ, ಅದೇ ನಟರಿಗೆ ಇನ್ನೊಂದು ಕಥೆ ಕೊಡಿ. ಆ ಖಾತೆ ಪುಸ್ತಕದ ಅಂಕಿ ಬರೆದವರು ಮತ್ತೊಂದು ಧಾರಾವಾಹಿ ಬರೆದರೆ ನಮ್ಮ ಜಗುಲಿಯ ಟೀವಿ ಮೊದಲ ದಿನವೇ ಅಂಗಳದ ಕಡೆ ತಿರುಗುತ್ತದೆ.

ನಿಮ್ಮಲ್ಲಿ ಕೇಳಿಕೊಳ್ಳುವುದು ಬೇರೆ. ಸಾವಿರ ದಾಟಿದ ಸಂತಸದಲ್ಲಿ ಆ ತಂಡದವರನ್ನು ನಿಮ್ಮ ವರದಿಗಾರರು ಮತ್ತೆ ಭೇಟಿಯಾಗುತ್ತಾರೆಂದು ಲೇಖನದ ಕೆಳಗೆ ಬರೆದಿದ್ದೀರಿ. ಆಗ ನಾಯಕಿಯ ಸೀರೆಯ ವಿಚಾರ, ಸೆಟ್ಟಿನ ಗೆಳೆತನದ ವಿಚಾರ ಕೇಳಿ ಮುಗಿದ ಮೇಲೆ, ಅಪ್ಪನ ಖಾತೆ ಚುಕ್ತಾ ಆಯಿತೇ, ತೋಟ ಬಿಡಿಸಿಕೊಂಡರೇ ಎಂದು ಕೇಳಿ ನೋಡಿ. ಅವರು ಕೊಡುವ ಉತ್ತರವನ್ನು ಒಂದು ಸಾಲಿನಲ್ಲಿ ಅಚ್ಚು ಹಾಕಿಸಿದರೆ ಅತ್ತೆಯವರಿಗೆ ಓದಿ ಹೇಳುತ್ತೇನೆ. ಟೀವಿ ಆರಿಸಿದ ಮೇಲೂ ಅವರು ಈ ಪ್ರಶ್ನೆ ಕೇಳುವುದನ್ನು ಬಿಟ್ಟಿಲ್ಲ.

ಇತಿ ತಮ್ಮ ವಿಶ್ವಾಸಿ,
ಅಡಿಕೆ ಬೆಳೆಗಾರರ ಮನೆಯ ಗೃಹಿಣಿ
ಶಿರಸಿ ತಾಲ್ಲೂಕು, ಉತ್ತರ ಕನ್ನಡ