ಸ್ಟೀರಿಯೊ ಕ್ಯಾಮೆರಾ: ಮೊದಲು ಏನು ತೆಗೀತೀರಿ ಹೇಳಿ

ಮಾನ್ಯರೇ,

ಎರಡು ಲೆನ್ಸ್‌ನಿಂದ ಒಮ್ಮೆಗೇ ಎರಡು ಚಿತ್ರ ತೆಗೆದು ಆಳ ಕಾಣಿಸುವ (3ಡಿ) ಸ್ಟೀರಿಯೊ ಕ್ಯಾಮೆರಾಗಳಲ್ಲಿ ಯಾವುದು ಒಳ್ಳೆಯದು ಅಂತ ಕೇಳುವವರು, ಏನು ತೆಗೆಯುತ್ತೀರಿ ಅಂದರೆ ಸುಮ್ಮನಾಗುತ್ತಾರೆ. ಮೊದಲು ಎರಡು ಲೆನ್ಸ್‌ಗಳ ನಡುವಿನ ಅಂತರ ನೋಡಿ. 2010ರ ಫ್ಯೂಜಿ ಡಬ್ಲ್ಯೂ3 ಕ್ಯಾಮೆರಾದಲ್ಲಿ ಅದು 75 ಮಿ.ಮೀ. ಎದುರಿನ ವಸ್ತು ಇದರ ಸುಮಾರು 30 ಪಟ್ಟು ದೂರ, ಅಂದರೆ ಎರಡು ಮೀಟರ್‌ಗಿಂತ ಜಾಸ್ತಿ ದೂರದಲ್ಲಿರಬೇಕು ಅನ್ನುವುದು ರೂಢಿ. ಯಕ್ಷಗಾನದ ಕುಣಿತಕ್ಕೆ, ಕಾರವಾರದ ಅಲೆಗೆ ಸರಿ, ಎರಡೂ ಚಿತ್ರ ಒಟ್ಟಿಗೇ ಬೀಳುತ್ತವೆ. ಹತ್ತಿರದಿಂದ ತೆಗೆಯುವ ಶಿರಸಿ ಕಾಡಿನ ಅಣಬೆ, ಸೀತಾಳೆ ಹೂವಿಗೆ ಮಾತ್ರ ಇದು ಬೇಡ; ಗಾಳಿ ಇಲ್ಲದಾಗ ಕೈಯಲ್ಲಿರುವ ಮೊಬೈಲನ್ನೇ ಚೂರು ಬಲಕ್ಕೆ ಸರಿಸಿ ಇನ್ನೊಂದು ಫೋಟೋ ತೆಗೆದರೆ ಸಾಕು. ಯಾಣದ ಬಂಡೆಗೂ ಇದೇ ಉಪಾಯ, ದೂರ ನಿಂತಷ್ಟೂ ಜಾಸ್ತಿ ಸರಿಸಬೇಕು ಅಷ್ಟೆ. ಹಳೇ ರೀಲಿನ ಕ್ಯಾಮೆರಾ ಸ್ಟೀರಿಯೊ ರಿಯಲಿಸ್ಟ್ ಚಂದವೇ, ಆದರೆ ರೀಲು ತೊಳೆಸುವ ತಾಪತ್ರಯ ಯಾರಿಗೆ ಬೇಕು? ಕ್ಯಾಮೆರಾ ಬಗ್ಗೆ ಬರೆಯುವವರು ಬೆಲೆಗಿಂತ ಮೊದಲು ಇದನ್ನು ಹೇಳಲಿ.

– ಓದುಗ, ಶಿರಸಿ